ಎರಡು ಗೆರೆ ಸೇರುವಲ್ಲಿ ಸಿಹಿನೀರು

ದರ್ಫಾನ್ ದ್ವೀಪ,
ಎಂಟನೆಯ ಅರಸರ ಹತ್ತೊಂಬತ್ತನೆಯ ವರ್ಷ,
ಹದಿಮೂರನೆಯ ತಿಂಗಳ ನಾಲ್ಕನೆಯ ದಿನ

ಅಜ್ಜಯ್ಯ ಶೀನ ಮೊಗವೀರರಿಗೆ, ನಿಮ್ಮ ಮರಿಮಗನ ಮರಿಮಗಳು ವಾರಿಜಳ ನಮಸ್ಕಾರಗಳು.

ಮೇಲಿನ ತಾರೀಖನ್ನು ಕ್ಯಾಲೆಂಡರಿನಲ್ಲಿ ಹುಡುಕಬೇಡಿ, ಸಿಗುವುದಿಲ್ಲ. ಈಗಿನ ಅರಸರು ತಮ್ಮ ತಂದೆಯ ನೆನಪಿಗೆಂದು ವರ್ಷಕ್ಕೆ ಒಂದು ತಿಂಗಳು ಹೆಚ್ಚಿಗೆ ಸೇರಿಸಿದ್ದಾರೆ. ನಿಮಗೆ ಈಗ ಮೂವತ್ನಾಲ್ಕು, ನನಗೆ ಐವತ್ತೊಂದು. ಆದರೂ ಅಜ್ಜಯ್ಯ ಎನ್ನದೆ ಇನ್ನೇನೆಂದು ಕರೆಯಲಿ? ನಗಬೇಡಿ. ನನ್ನ ಕನ್ನಡ ನಿಮಗೆ ವಿಚಿತ್ರವಾಗಿ ಕಂಡರೆ ಕ್ಷಮಿಸಿ. ಅದನ್ನು ನಾನು ಕಲಿತದ್ದು ಅಜ್ಜಿಯ ಬಾಯಿಂದ, ಬರೆಯಲು ಕಲಿತದ್ದು ಒಂದು ಹರಿದ ಪಂಚಾಂಗದಿಂದ. ಈ ಕಾಗದ ಬರುವುದು ಹಿಂದಂಚೆಯಲ್ಲಿ. ಹಿಂದಂಚೆಯೆಂದರೆ ಕಳೆದ ಕಾಲಕ್ಕೆ ಟಪಾಲು ಒಯ್ಯುವ ಏರ್ಪಾಟು. ಒಂದು ಮನೆತನಕ್ಕೆ ಒಂದೇ ಸಲ, ಉತ್ತರ ತರುವುದಿಲ್ಲ. ಅದು ಹೇಗೆ ನಡೆಯುತ್ತದೋ ನನಗೆ ತಿಳಿಯದು. ನಿಮ್ಮ ಕೈಯಲ್ಲಿರುವ ಮೊಬೈಲು ನಿಮ್ಮೂರು ಕೊಡೇರಿಯ ತನಕ ಮಾತು ಹೇಗೆ ಮುಟ್ಟಿಸುತ್ತದೆಂದು ನಿಮಗಾದರೂ ಗೊತ್ತೇ?

ಕಡಲತಳದ ಮರಳು ಹೀರಿ ತರುವ ನಿಮ್ಮ ಡ್ರೆಜ್ಜರಿನಿಂದ ನೀವು ಸುರಿಯುತ್ತಿರುವ ಮರಳಿನ ಮೇಲೆಯೇ ಕುಳಿತು ಬರೆಯುತ್ತಿದ್ದೇನೆ. ನಿಮ್ಮ ಕಾಲದಲ್ಲಿ ಒಂದು ಗಂಟೆಯಲ್ಲಿ ಸುತ್ತಿ ಬರಬಹುದಾಗಿದ್ದ ದ್ವೀಪ ಈಗ ಎರಡರಷ್ಟಾಗಿದೆ. ಸಮುದ್ರ ತುಂಬಿಸಿ ಮಾಡಿದ ಭಾಗಕ್ಕೆ ಹೊಸನೆಲ ಎನ್ನುತ್ತೇವೆ. ಹೊಸನೆಲದಲ್ಲಿ ನೆಟ್ಟದ್ದು ಬದುಕುವುದಿಲ್ಲ, ಗೋಡೆಗಳು ಬಿರಿಯುತ್ತವೆ. ಎಣ್ಣೆ ಬತ್ತಿ ಎಪ್ಪತ್ತು ವರ್ಷವಾಯಿತು. ಬ್ಯಾಂಕುಗಳು ಹೋದವು, ಅವುಗಳ ಗಾಜಿನ ಗೋಪುರಗಳಲ್ಲಿ ಪಾರಿವಾಳ ಸಾಕಿದ್ದಾರೆ. ಅರಸರ ಆದಾಯವೀಗ ಎರಡೇ: ಪರದೇಶದ ಯುದ್ಧನೌಕೆಗಳಿಗೆ ಬಂದರಿನ ಬಾಡಿಗೆ, ನಮಗೆ ಮಾರುವ ನೀರು. ಸಮುದ್ರದ ನೀರನ್ನು ಸಿಹಿ ಮಾಡುವ ಕಾರ್ಖಾನೆ ಒಂದೇ ಒಂದಿದೆ, ಅದು ಅರಮನೆಯ ಕಾಂಪೌಂಡಿನೊಳಗೆ. ಬೆಳಿಗ್ಗೆ ಬಾಯಾರಿಕೆ ಚೀಟಿ ಹಿಡಿದು ಸಾಲಿನಲ್ಲಿ ನಿಲ್ಲಬೇಕು, ತಲೆಗೆ ಮೂರು ಲೋಟ. ಮೀನು ತೊಳೆಯುವುದು ಉಪ್ಪುನೀರಿನಲ್ಲೇ. ಅನ್ನಕ್ಕೂ ಅರ್ಧ ಅದನ್ನೇ ಬೆರೆಸುತ್ತೇವೆ, ಹಾಗಾಗಿ ನಮ್ಮ ಅಡುಗೆಮನೆಯಲ್ಲಿ ಉಪ್ಪಿನ ಡಬ್ಬಿಯೇ ಇಲ್ಲ. ಚಳಿಗಾಲದಲ್ಲಿ ತಾರಸಿಯ ಮೇಲೆ ಹಳೆ ಸೀರೆ ಹರವಿ, ಬೆಳಿಗ್ಗೆ ಇಬ್ಬನಿ ಹಿಂಡಿಕೊಳ್ಳುತ್ತೇವೆ. ಹಿಂಡಿದ ನೀರು ಸೀರೆಯ ಬಣ್ಣದ್ದೇ ಆಗಿರುತ್ತದೆ, ಆದರೂ ಕುಡಿಯುತ್ತೇವೆ.

ದ್ವೀಪದ ಮೂಲದ ಜನ, ಆ ಬೆಸ್ತರ ಹಳ್ಳಿಗಳವರು, ತಾವು ಆರಿಸಿದ ಸಭೆ ಬೇಕೆಂದು ಕೇಳಿದರು. ಚೌಕದಲ್ಲಿ ಸೇರಿದರು. ಅರಸರು ಚೌಕವನ್ನೇ ಕೆಡವಿಸಿದರು. ಅದರ ಹೆಸರು ಹೇಳಿದರೂ ಈಗ ಜೈಲು. ಸೇತುವೆಯ ಆಚೆಯ ದೊಡ್ಡ ದೇಶದಿಂದ ಟ್ಯಾಂಕುಗಳು ಬಂದವು, ಬಂದವು ಹಿಂದಿರುಗಲಿಲ್ಲ. ಯಾವ ಹಳ್ಳಿ ತಲೆಯೆತ್ತುತ್ತದೋ ಆ ಹಳ್ಳಿಯ ನಲ್ಲಿ ನಿಲ್ಲಿಸುತ್ತಾರೆ. ಅದಕ್ಕೆ ಒಣವಾರ ಎಂದು ಹೆಸರು. ನಮ್ಮಂಥ ಹೊರಗಿನಿಂದ ಬಂದು ಪೌರತ್ವ ಪಡೆದ ಮನೆಗಳಿಗೆ ಒಣವಾರ ಎಂದೂ ತಟ್ಟಿಲ್ಲ. ಯಾಕೆಂದರೆ ಆರು ತಲೆಮಾರಿನಿಂದ ನಾವು ಬಾಯಿ ಹೊಲಿದುಕೊಂಡಿದ್ದೇವೆ. "ನಮ್ಗ್ಯಾಕೆ ಮಾರಾಯ ಊರ ಉಸಾಬರಿ" ಎಂಬ ನಿಮ್ಮ ಮಾತು ನಮ್ಮ ಮನೆಯಲ್ಲಿ ದೇವರ ಮಂತ್ರದಷ್ಟು ಹಳೆಯದು. ನಾನೂ ನನ್ನ ಮಗಳಿಗೆ ಅದನ್ನೇ ಹೇಳಿಕೊಟ್ಟೆ. ಅವಳು ಕೇಳಲಿಲ್ಲ.

ಅವಳ ಹೆಸರು ತುಂಗಾ. ಹೊಳೆಯೇ ಇಲ್ಲದ ಊರಿನಲ್ಲಿ ಹೊಳೆಯ ಹೆಸರಿಟ್ಟುಕೊಂಡವಳು, ನರ್ಸು. ಮದುವೆಯಾದದ್ದು ಉಮ್ ಐನ್ ಹಳ್ಳಿಯ ಮನೆಗೆ; ನಿಮ್ಮ ಸ್ನೇಹಿತ ಹಾಜಿ ಮರ್ಹೂನರ ವಂಶ ಅದು. ಹೋದ ತಿಂಗಳು ಹಳ್ಳಿಯ ಬೇಡಿಕೆಗಳನ್ನು ಸೈನಿಕರ ಎದುರು ಗಟ್ಟಿಯಾಗಿ ಓದಿದವಳು ಅವಳೇ. ಹಳ್ಳಿಯವರು ಊರಬಾಗಿಲು ಮುಚ್ಚಿ ಒಳಗಿದ್ದಾರೆ, ಹೊರಗೆ ಸೈನ್ಯ ಕಾಯುತ್ತಿದೆ, ಒಣವಾರಕ್ಕೆ ಇಂದು ಒಂಬತ್ತನೆಯ ದಿನ. ಗುಂಡು ಹಾರಿಸುವ ಅಗತ್ಯವೇ ಸೈನ್ಯಕ್ಕಿಲ್ಲ. ಬಾಯಾರಿದ ದಿನ ಬಾಗಿಲು ತಾನಾಗಿ ತೆರೆಯುತ್ತದೆ. ತೆರೆದರೆ, ಅವರು ಒಯ್ಯಬೇಕಾದವರ ಪಟ್ಟಿಯಲ್ಲಿ ಮೊದಲ ಹೆಸರು ತುಂಗಾಳದು. ಒಯ್ದವರು ಯಾರೂ ಈವರೆಗೆ ಮರಳಿಲ್ಲ. ನಿನ್ನೆ, ಬುಟ್ಟಿಯಲ್ಲಿ ನೀರಿಲ್ಲವೆಂದು ನೋಡಿ ಸೈನಿಕರು ಒಳಬಿಡುವ ಏಡಿ ಮಾರುವವಳ ಕೈಯಲ್ಲಿ ಹೇಳಿ ಕಳಿಸಿದ್ದಾಳೆ: "ಅಮ್ಮಾ, ಇನ್ನ್ ನಾಲ್ಕ್ ದಿನದ್ ನೀರಿತ್. ನೀ ಬಪ್ಪುದ್ ಬ್ಯಾಡ. ಅಜ್ಜಯ್ಯ ಮುಚ್ಚಿದ್ ನೀರಿನ್ ಜಾಗ ಗೊತ್ತಿದ್ರೆ ಹೇಳ್." ಹಳ್ಳಿಯ ಗೋಡೆಯೊಳಗೆ ಬರುವ ಹೊಸನೆಲದಲ್ಲಿ ಅವರು ಏಳು ಗುಂಡಿ ತೋಡಿದ್ದಾರಂತೆ. ಏಳರಲ್ಲೂ ಉಪ್ಪು.

ನನಗೆ ಗೊತ್ತಿಲ್ಲ. ಹಾಜಿ ಮರ್ಹೂನರು ಜಾಗವನ್ನು ಮಕ್ಕಳಿಗೆ ಹೇಳದೆಯೇ ತೀರಿಕೊಂಡರಂತೆ, ಇನ್ನು ಗೊತ್ತಿರುವುದು ನಿಮಗೊಬ್ಬರಿಗೆ.

ನಿಮ್ಮ ಲೆಕ್ಕದಲ್ಲಿ ಕಳೆದ ಶುಕ್ರವಾರ ಹಾಜಿ ಮರ್ಹೂನ್ ನಿಮ್ಮನ್ನು ದೋಣಿಯಲ್ಲಿ ಕರೆದೊಯ್ದರು. ಮುತ್ತು ಹೆಕ್ಕುತ್ತಿದ್ದ ಹಿರಿಯರಂತೆ ಚರ್ಮದ ಚೀಲ ಹಿಡಿದು ಮುಳುಗಿ, ಸಮುದ್ರದ ತಳದಲ್ಲಿ ಉಕ್ಕುವ ಸಿಹಿನೀರು ತುಂಬಿ ತಂದು ನಿಮ್ಮ ಕೈಗೆ ಕೊಟ್ಟರು. ನಡುಗಡಲಿನಲ್ಲಿ ಕುಳಿತು ನೀವು ಎಳನೀರಿನಂಥ ನೀರು ಕುಡಿದು ಬಿದ್ದು ಬಿದ್ದು ನಕ್ಕಿರಿ. ನಾಡಿದ್ದು ಕಂಪನಿಯ ಇಂಜಿನಿಯರು ಒಂದು ಕಾಗದ ಮುಂದಿಡುತ್ತಾನೆ: ಇಲ್ಲಿ ಯಾವ ಒರತೆಯೂ ಇಲ್ಲ. ಸಾಕ್ಷಿಯ ಸಾಲಿನಲ್ಲಿ ನೀವು ಸಹಿ ಹಾಕುತ್ತೀರಿ. ಊಟದ ನಂತರ ನಿಮ್ಮ ಡ್ರೆಜ್ಜರು ಅದರ ಮೇಲೆ ಮರಳು ಸುರಿಯುತ್ತದೆ. ಮುದುಕರಾದ ಮೇಲೆ ನೀವು ಮಗಳ ಮುಂದೆ ಅತ್ತದ್ದು ಇದಕ್ಕೆ. "ಆ ನೀರಿನ್ ಬಾಯಿಗೆ ನಾನೇ ಮಣ್ ಹಾಕ್ದೆ" ಎಂದಿರಂತೆ. ಎಲ್ಲಿ ಎಂದು ಅವಳು ಕೇಳಿದರೆ "ಗೊತ್ತಿಲ್ಲೆ" ಎಂದು ಗೋಡೆಯ ಕಡೆ ಹೊರಳಿದಿರಂತೆ.

ನನಗೆ ಸಿಟ್ಟಿಲ್ಲವೆಂದರೆ ಸುಳ್ಳಾದೀತು. ಆದರೆ ಸಹಿ ಹಾಕಬೇಡಿ ಎನ್ನುವುದಿಲ್ಲ. ನಿಮ್ಮ ಪಾಸ್‌ಪೋರ್ಟು ಕಂಪನಿಯ ಕಪಾಟಿನಲ್ಲಿದೆ. ಒಲ್ಲೆನೆಂದರೆ ಮರುದಿನವೇ ನಿಮ್ಮನ್ನು ವಿಮಾನ ಹತ್ತಿಸುತ್ತಾರೆ, ಡ್ರೆಜ್ಜರಿನ ಆ ಕುರ್ಚಿಯಲ್ಲಿ ಇನ್ನೊಬ್ಬ ಕೂರುತ್ತಾನೆ, ಮರಳು ಹೇಗೂ ಬೀಳುತ್ತದೆ. ಕೊಡೇರಿಯಲ್ಲಿ ನೀವಿನ್ನೂ ಮುಖ ನೋಡದ ನಾಲ್ಕು ತಿಂಗಳ ಹೆಣ್ಣುಕೂಸಿದೆ. ನಾನು, ತುಂಗಾ, ಎಲ್ಲ ಆ ಕೂಸಿನಿಂದಲೇ. ಧೈರ್ಯ ಮಾಡಿ ಎಂದು ಕೇಳುವ ಯೋಗ್ಯತೆ ನನಗೂ ಇಲ್ಲ.

ಒಂದೇ ಒಂದು ಬೇಡುತ್ತೇನೆ. ನೀವು ಮೀನುಗಾರರು. ಒಳ್ಳೆಯ ಜಾಗ ಕಂಡಾಗ ದಡದ ಎರಡು ಗುರುತು ಒಂದೇ ಗೆರೆಯಲ್ಲಿ ಒಂದರ ಹಿಂದೊಂದು ಬರುವುದನ್ನು, ಇನ್ನೊಂದು ಕಡೆಗೆ ತಿರುಗಿ ಮತ್ತೆರಡನ್ನು ನೋಡಿಟ್ಟುಕೊಳ್ಳುವುದು ನಿಮಗೆ ಉಸಿರಾಡಿದಷ್ಟು ಸಹಜ. ಆ ದಿನವೂ ಖಂಡಿತ ನೋಡಿದ್ದೀರಿ. ದಡ ಎಲ್ಲೋ ಹೋಗಿದೆ, ಆದರೆ ಕಲ್ಲಿನ ಕೋಟೆ ಇದೆ, ಹಳೆ ಮಸೀದಿಯ ಮಿನಾರು ಇದೆ, ದೀಪಸ್ತಂಭದ ಬುಡ ಇದೆ, ಉಮ್ ಐನ್‌ನ ಗೋರಿಯ ಗುಮ್ಮಟ ಇದೆ. ಯಾವುದರ ಹಿಂದೆ ಯಾವುದು? ನಾಲ್ಕು ಹೆಸರು ಬರೆದರೆ ಸಾಕು. ಎರಡು ಗೆರೆ ಸೇರುವಲ್ಲಿ ಅವರು ತೋಡುತ್ತಾರೆ. ಯಾರಿಗೂ ತೋರಿಸಬೇಡಿ, ಹೆದರಿಕೆಯಾದರೆ ಜೀವಮಾನವಿಡೀ ಬಾಯಿ ಬಿಡಬೇಡಿ. ಬರೆದು ಹಾಲಿನ ಪುಡಿಯ ಡಬ್ಬಿಯಲ್ಲಿಟ್ಟು, ಮುಚ್ಚಳಕ್ಕೆ ಮೇಣ ಹಚ್ಚಿ, ಸಾಯುವ ಮೊದಲು ಮಗಳಿಗೆ ಕೊಡಿ.

ಅಂಥದೊಂದು ಡಬ್ಬಿ ನಮ್ಮ ಮನೆಯಲ್ಲಿದೆ, ಅಜ್ಜಯ್ಯ. ಕೈಯಿಂದ ಕೈಗೆ ಬಂದದ್ದು, ಮೇಣ ಹಚ್ಚಿದ್ದು. ಕೊಡೇರಿಯ ಕಡಲತೀರದ ಹಿಡಿ ಮಣ್ಣು ಅದರಲ್ಲಿದೆಯೆಂದು ನಂಬಿ ದೇವರ ಮಾಡದಲ್ಲಿಟ್ಟು ಕೈಮುಗಿಯುತ್ತ ಬಂದಿದ್ದೇವೆ. "ಅದ್ ಅಜ್ಜಯ್ಯಂದ್, ಮುಟ್ಟುಕಾಗ" ಎನ್ನುತ್ತಿದ್ದಳು ನನ್ನ ಅಜ್ಜಿ. ಇವತ್ತು ಮೊದಲ ಸಲ ಕೆಳಗಿಳಿಸಿದೆ. ಅಲುಗಿಸಿದರೆ ಮಣ್ಣಿನ ಸದ್ದಿಲ್ಲ, ಬೇರೆ ಸದ್ದೂ ಇಲ್ಲ. ಏಡಿ ಮಾರುವವಳು ಹೊಸ್ತಿಲಲ್ಲಿ ಕಾಯುತ್ತಿದ್ದಾಳೆ, ಮಧ್ಯಾಹ್ನದ ಬಾಂಗಿನೊಳಗೆ ಅವಳು ಹಳ್ಳಿಗೆ ಹೊರಡಬೇಕು. ಚೂರಿ ಪಕ್ಕದಲ್ಲೇ ಇದೆ. ಆದರೆ ಈ ಕಾಗದ ಹಿಂದಂಚೆಗೆ ಹಾಕಿದ ಮೇಲೆಯೇ ಮೇಣ ಕೆರೆಯುತ್ತೇನೆ, ಮೊದಲೇ ತೆರೆದು ಖಾಲಿ ಕಂಡರೆ ನಿಮಗೆ ಬರೆಯಲು ನನ್ನ ಕೈ ಏಳುವುದಿಲ್ಲ.

ಬರ್ದಿಟ್ಟಿದ್ರಿ ಅಲ್ದಾ, ಅಜ್ಜಯ್ಯ?

ನಿಮ್ಮ
ವಾರಿಜಾ