ಯಮನಪ್ಪನವರ ಕೊನೆಯ ಒಂಬತ್ತು ನಿಮಿಷ

ಗದಗ
ಶಾಲಿವಾಹನ ಶಕ ೨೧೬೮, ವ್ಯಯ ಸಂವತ್ಸರ, ಶ್ರಾವಣ ಶುದ್ಧ ಪಂಚಮಿ
(ತಮ್ಮ ಎಣಿಕೆಯಲ್ಲಿ ಕ್ರಿಸ್ತಶಕ ೨೨೪೬)

ಮಾನ್ಯ ಶ್ರೀಮತಿ ಅನ್ನಪೂರ್ಣಾ ಹೆಬಸೂರ ಅವರಿಗೆ,

ವೈಶಾಖದಲ್ಲಿ ನಾನು ಬರೆದ ಹಿನ್ನೋಲೆಯಲ್ಲಿ ತಪ್ಪು ಮಾಡಿದ್ದೇನೆ. ಮೊದಲು ಅದಕ್ಕೆ ಕ್ಷಮೆ ಬೇಡುತ್ತೇನೆ. ಹಿಂದಿನ ಕಾಲದವರಿಗೆ ಬರೆಯುವ ಕಾಗದವನ್ನು ನಾವು ಹಿನ್ನೋಲೆ ಎನ್ನುತ್ತೇವೆ. ಇಂತಹ ಹೊಸ ಪದಗಳು ತಮ್ಮ ಕಿವಿಗೆ ಒರಟಾಗಿ ಕೇಳಿಸಿದರೆ ಅದನ್ನೂ ಮನ್ನಿಸಬೇಕು.

ಶಹನಾಯಿ ವಾದಕ ಯಮನಪ್ಪ ಶಿರಹಟ್ಟಿಯವರ ಮರಣವನ್ನು ಕುರಿತ ತಮ್ಮ ಕವಿತೆಯನ್ನು ಆ ಓಲೆಯಲ್ಲಿ ಸುಳ್ಳೆಂದು ಜರೆದಿದ್ದೆ. ಮದುವೆಯ ಚಪ್ಪರದಲ್ಲಿ ನುಡಿಸುತ್ತಲೇ ಅವರು ಪ್ರಾಣ ಬಿಟ್ಟರೆಂದೂ, ಪಕ್ಕದಲ್ಲಿ ಶ್ರುತಿ ಹಿಡಿದಿದ್ದ ಅವರ ತಮ್ಮ ಫಕೀರಪ್ಪ ಆಮೇಲೂ ಒಂಬತ್ತು ನಿಮಿಷ ಉಸಿರು ಕಡಿಯದೆ ಊದಿದನೆಂದೂ ತಾವು ಬರೆದಿದ್ದೀರಿ. ನನ್ನ ಮುಂದೆ ಎರಡು ದಾಖಲೆಗಳಿದ್ದವು. ಹದಿನಾಲ್ಕರ ಮದುವೆಯಲ್ಲಿ ಅವರು ಕುಸಿದರೆಂದು ಪತ್ರಿಕೆ ಹೇಳಿತ್ತು. ಹದಿನಾಲ್ಕರ ಮುಂಜಾನೆ ಐದು ಗಂಟೆ ಹತ್ತು ನಿಮಿಷಕ್ಕೆ ತೀರಿಕೊಂಡರೆಂದು ಮರಣಪತ್ರ ಹೇಳಿತ್ತು. ನಮ್ಮಲ್ಲಿ ದಿನ ಹುಟ್ಟುವುದು ಸೂರ್ಯೋದಯಕ್ಕೆ. ಹೀಗಾಗಿ ಹದಿನಾಲ್ಕರ ಮುಂಜಾನೆ ಎಂದರೆ ಮದುವೆ ಮುಗಿದ ಮರುಬೆಳಗಿನ ಕತ್ತಲು ಎಂದು ತಿಳಿದೆ. ಆ ಒಂಬತ್ತು ನಿಮಿಷಗಳ ಸಾಲುಗಳನ್ನು ಹೊಡೆದುಹಾಕಬೇಕೆಂದು ತಮಗೆ ತಾಕೀತನ್ನೂ ಮಾಡಿದೆ.

ತಪ್ಪನ್ನು ಕಂಡುಹಿಡಿದವಳು ನನ್ನ ಮಗಳು ಶಿವಗಂಗಾ. "ಅಪ್ಪಾ, ಆ ಕಾಲದ ಮಂದಿಗೆ ನಡುರಾತ್ರಿಗೇ ತಾರೀಖು ಬದಲಾಗ್ತಿತ್ತು. ಮದುವಿ ಮುಹೂರ್ತ ಇದ್ದದ್ದೂ ಅದೇ ನಸುಕಿನ್ಯಾಗ. ಸುಳ್ಳು ಬರದಾಕಿ ಆಕಿ ಅಲ್ಲ, ನೀವು," ಎಂದಳು. ನಲವತ್ತು ವರ್ಷ ಪರರ ತಾರೀಖುಗಳನ್ನು ತಿದ್ದಿದವನಿಗೆ ಆ ಮಾತು ಚೆನ್ನಾಗಿಯೇ ನಾಟಿತು.

ಆಗ ಕವಿತೆಯನ್ನು ಎರಡನೆಯ ಸಲ ಓದಿದೆ. ಮುಖ್ಯ ವಾದಕ ಕಣ್ಣಿನಿಂದ ಸನ್ನೆ ಮಾಡುವ ತನಕ ಶ್ರುತಿ ಹಿಡಿದವನು ನಿಲ್ಲಿಸುವಂತಿಲ್ಲ ಎಂಬ ಅವರ ಮನೆತನದ ಕಟ್ಟಳೆ ಅಂದೇ ನನ್ನ ಗಮನಕ್ಕೆ ಬಂದದ್ದು. "ಅಣ್ಣ ಕಣ್ಣು ಮಾಡ್ಲಿಲ್ರೀ, ನಾ ಹ್ಯಾಂಗ ನಿಲ್ಲಸ್ಲಿ?" ಎಂದು ಫಕೀರಪ್ಪ ಆಮೇಲೆ ಕೇಳುತ್ತಾನೆ. ಜನ ಕೂಗಿದರೂ ಅವನು ನಿಲ್ಲಿಸಲಿಲ್ಲ. ಕೊನೆಗೆ ಬಾಸಿಂಗ ಕಟ್ಟಿದ್ದ ಮದುಮಗಳೇ ಹಸೆಯಿಂದ ಎದ್ದು ಬಂದು, ಅವನ ಹೆಗಲ ಮೇಲೆ ಕೈಯಿಟ್ಟು, "ಕಾಕಾ, ಸಾಕ್ರೀ ಇನ್ನ," ಎಂದಳು. ಅವನು ನಿಲ್ಲಿಸಿದ.

ಈ ಸಾಲುಗಳು ನನ್ನನ್ನು ಏಕೆ ಅಲುಗಿಸಿದವು ಎಂಬುದನ್ನು ತಿಳಿಸಲು ನಮ್ಮ ಕಾಲದ ಒಂದು ಪದ್ಧತಿಯನ್ನು ಹೇಳಬೇಕು. ಇಲ್ಲಿ ಯಾರಾದರೂ ತೀರಿಕೊಂಡರೆ ಅವರ ದನಿಯನ್ನು ಊರಿನ ನಾದಗೂಡಿಗೆ ಒಪ್ಪಿಸುತ್ತಾರೆ. ಅಲ್ಲಿನ ಯಂತ್ರ ಆ ದನಿಯಲ್ಲಿ ಹೊಸ ಮಾತುಗಳನ್ನು ಹೆಣೆದು ಮನೆಗೆ ಕಳುಹಿಸುತ್ತದೆ. ಇದಕ್ಕೆ ಮುಂದುಲಿ ಎಂದು ಹೆಸರು. ಬೆಳಿಗ್ಗೆ ರೊಟ್ಟಿಯ ಹೊತ್ತಿಗೆ, ಸಂಜೆ ದೀಪ ಹಚ್ಚುವ ಹೊತ್ತಿಗೆ ಬೀದಿಯಲ್ಲಿ ನಡೆದರೆ ಇದ್ದವರ ಮತ್ತು ಇಲ್ಲದವರ ಮಾತು ಒಟ್ಟಿಗೇ ಕೇಳಿಸುತ್ತದೆ. ಮೊದಲ ವರ್ಷ ಅದು ತಾನಾಗಿಯೇ ಬರುತ್ತದೆ; ವರ್ಷ ತುಂಬುವುದರೊಳಗೆ ಮುಂದುಲಿ ಇನ್ನು ಮುಂದೆಯೂ ಬೇಕೋ ಬೇಡವೋ ಎಂದು ಮನೆಯವರು ಬರೆದುಕೊಡಬೇಕು. ಒಮ್ಮೆ ಬೇಕೆಂದರೆ ಮತ್ತೆ ನಿಲ್ಲಿಸುವ ಅಧಿಕಾರ ಯಾರಿಗೂ ಇಲ್ಲ.

ನನ್ನ ಮಡದಿ ನೀಲಾಂಬಿಕೆ ಹಾಡು ಕಲಿಸುತ್ತಿದ್ದಳು. ನಾನು ಕರಡು ತಿದ್ದುತ್ತ ಕುಳಿತರೆ, "ಆ ಸತ್ತವರ ತಾರೀಖು ಎಲ್ಲಿ ಓಡಿ ಹೋಗತಾವರೀ? ಸಾರು ಆರಾಕತ್ತದ, ಏಳ್ರಿ," ಎಂದು ಗದರುವಳು. ಅವಳ ಮುಂದುಲಿ ಗದರುವುದಿಲ್ಲ. ಮೊನ್ನೆ, ನನ್ನ ತಪ್ಪು ಇನ್ನೂ ತಿಳಿಯದಿದ್ದಾಗ, ತಮ್ಮ ಕವಿತೆ ಸುಳ್ಳೆಂಬ ಮಾತು ತೆಗೆದರೆ ಅದು, "ನೀವು ಹೇಳಿದ್ದ ಖರೇ ಬಿಡ್ರೀ," ಎಂದಿತು. ನನಗೆ ಹಿತವಾಯಿತು. ಶಿವಗಂಗಾ ಕೈಯಲ್ಲಿದ್ದ ತಟ್ಟೆ ಕೆಳಗಿಟ್ಟು, "ಅವ್ವ ಒಂದು ದಿನಾನೂ ನಿಮಗ ಹಂಗ ಅಂದಾಕಿ ಅಲ್ಲ. ಇದು ಯಾರು ಮಾತಾಡಾಕತ್ತದ?" ಎಂದು ಕೇಳಿದಳು.

ಫಕೀರಪ್ಪ ಹಿಡಿದದ್ದು ತನ್ನ ಶ್ರುತಿಯನ್ನು. ಅಣ್ಣನ ರಾಗವನ್ನು ಅವನು ತಾನೇ ನುಡಿಸಿ ಮುಗಿಸಲಿಲ್ಲ; ಅದರ ಜಾಗವನ್ನು ಬರಿದಾಗಿಯೇ ಕಾದ. ನಾನು ಆ ಜಾಗದಲ್ಲಿ ಬೇರೆ ಯಾರನ್ನೋ ಕೂರಿಸಿ, ಅವರು ತಲೆಯಾಡಿಸಿದ್ದನ್ನು ಕೇಳಿ ಸುಖಪಟ್ಟೆ. ನಿಲ್ಲಿಸೆಂದು ಸನ್ನೆ ಮಾಡಬೇಕಾದವಳು ಇನ್ನು ಮಾಡಲಾರಳು. ಆ ಮದುಮಗಳ ಹಾಗೆ ನನ್ನ ಮಗಳು ಹೆಗಲ ಮೇಲೆ ಕೈಯಿಟ್ಟಿದ್ದಾಳೆ. ವರ್ಷ ತುಂಬಲು ಇನ್ನು ಮೂರೇ ದಿನ; ನಾಳೆ ನಾದಗೂಡಿಗೆ ಹೋಗಿ ಬೇಡವೆಂದು ಬರೆದುಕೊಡುತ್ತೇನೆ. ಅವಳು ನಿಜವಾಗಿ ಹಾಡಿದ್ದು ಉಳಿಯುತ್ತದೆ. ನನಗೆ ಅಷ್ಟು ಸಾಕಾಗಬೇಕು.

ತಾವು ಮಾತ್ರ ನನ್ನ ಹಿಂದಿನ ಓಲೆಗೆ ಅಂಜಿ ಆ ಸಾಲುಗಳನ್ನು ಹೊಡೆದುಹಾಕಬೇಡಿ. ಒಂದು ಅಕ್ಷರವನ್ನೂ ಕದಲಿಸಬೇಡಿ. ಅವು ಇನ್ನೂರು ವರ್ಷ ದಾಟಿ ಒಬ್ಬ ಹಟಮಾರಿಯನ್ನು ಮುಟ್ಟಬೇಕಾಗಿದೆ.

ತಮ್ಮ ವಿಧೇಯ,
ಚನ್ನವೀರ ಅಬ್ಬಿಗೇರಿ

ಹಿಂದಿನ ಓಲೆಯ ತಾರೀಖುಗಳಿಗೆ ತಿದ್ದುಪಡಿ:

ಯಮನಪ್ಪ ಶಿರಹಟ್ಟಿಯವರು ಚಪ್ಪರದಲ್ಲಿ ಕುಸಿದದ್ದು: ೧೪ ಮೇ ೨೦೧೯, ಸೂರ್ಯೋದಯಕ್ಕೆ ಮುನ್ನ.

ಅವರ ಮರಣ: ಅದೇ ದಿನ, ಅದೇ ಹೊತ್ತು. "ಮರುದಿನ" ಎಂದು ನಾನು ಬರೆದದ್ದು ತಪ್ಪು.

ಓಲೆಯ ಕೊನೆಯಲ್ಲಿ "ಮಡದಿ ನೀಲಾಂಬಿಕೆಯೂ ತಮಗೆ ನಮಸ್ಕಾರ ತಿಳಿಸಿದ್ದಾಳೆ" ಎಂದು ಬರೆದಿದ್ದೆ. ಅದೂ ಸರಿಯಲ್ಲ. ಅವಳು ತೀರಿಕೊಂಡದ್ದು ಅದಕ್ಕೂ ಮೊದಲು, ಕಳೆದ ವರ್ಷ, ಪಾರ್ಥಿವ ಸಂವತ್ಸರದ ಶ್ರಾವಣ ಶುದ್ಧ ಅಷ್ಟಮಿಯಂದು.