ಹೊಸಬರನ್ನು ಇಳಿಸುವ ಹೊತ್ತು

ನಾಂಪಲ್ಲಿ, ಹೈದರಾಬಾದ್

ರವಿಶಂಕರ್ ಅವರಿಗೆ ನಮಸ್ಕಾರ.

ಆನ್‌ಲೈನ್ ಕಾಲೇಜು ಬಾಸ್ಕೆಟ್‌ಬಾಲ್ ಆಟದಲ್ಲಿ, ಕಂಪ್ಯೂಟರೇ ಆಡಿಸುವ ಕಾಲ್ಪನಿಕ ಆಟಗಾರರಿಂದ ನನ್ನ ಗಂಡ ಸೂರ್ಯಕಾಂತ ಕಟ್ಟಿದ್ದ ತಂಡಕ್ಕೆ ಇನ್ನು ನೀವೇ ಕೋಚ್ ಎಂದು ತಿಳಿಯಿತು. ಬೇರೆ ತಂಡಗಳಿಂದ ಪಳಗಿದವರನ್ನು ತಂದು ಈ ವರ್ಷವೇ ಗೆಲ್ಲುವುದು ನಿಮ್ಮ ರೀತಿಯಂತೆ. ನಮ್ಮವರಾದರೋ, ಯಾರೂ ಕೇಳದ ಮೊದಲ ವರ್ಷದ ಹುಡುಗರನ್ನು ಆರಿಸಿ, ಅವರು ಬೆಳೆಯುವವರೆಗೆ ಸೋಲುತ್ತ ಕಾಯುತ್ತಿದ್ದರು. ನೀವೂ ಕಾಯಿರಿ ಎನ್ನುತ್ತಿಲ್ಲ. ಯಾರನ್ನು ಬೇಕಾದರೂ ತೆಗೆಯಿರಿ.

ಒಂದು ಸೆಟ್ಟಿಂಗ್ ಮಾತ್ರ ಬದಲಿಸಬೇಡಿ. ಗೆಲುವು ಖಚಿತವಾದ ಕೂಡಲೇ ಹಿರಿಯರನ್ನು ಕೂರಿಸಿ ಹೊಸಬರನ್ನು ಇಳಿಸುವಂತೆ ನಮ್ಮವರು ಇಟ್ಟಿದ್ದರು. ಅವರು ತೀರಿಕೊಂಡ ಮೇಲೂ ಕಂಪ್ಯೂಟರ್ ಹಾಗೆಯೇ ಆಡಿಸುತ್ತಿದೆ. ಸಂಜೆಯ ಪಂದ್ಯದಲ್ಲಿ ಹೊಸಬರು ಇಳಿದಾಗಲೆಲ್ಲ ನಮ್ಮತ್ತೆ ಗುರುಬಾಯಿ, "ನೋಡವಾ, ಸೂರ್ಯಾ ಹುಡುಗೂರನ್ನ ಒಳಗ ಕಳಿಸಾಕತ್ತಾನ" ಎನ್ನುತ್ತಾರೆ. ಮಗನಿಗೆ ಮಣ್ಣು ಕೊಟ್ಟು ಬಂದವರು ಅವರು. ನಾನು "ಹೌದ್ರಿ" ಎನ್ನುತ್ತೇನೆ.

ಬದಲಿಸಲೇಬೇಕಾದರೆ ಹಿಂದಿನ ದಿನವೇ ತಿಳಿಸಿ. ಅತ್ತೆಯವರನ್ನು ನಾದಿನಿಯ ಮನೆಗೆ ಕಳಿಸಿ, ಅವರ ಸೆಟ್ಟಿಂಗ್ ಇರುವ ಕೊನೆಯ ಪಂದ್ಯ ನಾನೊಬ್ಬಳೇ ನೋಡುತ್ತೇನೆ. ಆ ಹೊತ್ತಿನಲ್ಲಿ ನಮ್ಮವರ ಜೊತೆ ಒಬ್ಬರಾದರೂ ಇರಬೇಕಲ್ಲ. ಆಸ್ಪತ್ರೆಯಲ್ಲಿ ಅವರ ಕೊನೆಗಳಿಗೆಯಲ್ಲಿ ನನ್ನನ್ನು ಒಳಗೆ ಬಿಟ್ಟಿರಲಿಲ್ಲ.

ನಿಮ್ಮ ಉತ್ತರಕ್ಕೆ ಕಾಯುವ,
ಸ್ನೇಹಲತಾ