ಸನ್ಮಾನಕ್ಕೆ ಕಿತ್ತ ಗೋಲ್ ಕಂಬಗಳು

ಮೈದಾನಗಳ ಉಸ್ತುವಾರಿ ಹೊತ್ತ ಮಾನ್ಯ ಅಧಿಕಾರಿಗಳೇ,

ಮೊದಲು ನಮ್ಮ ಗೋಲ್ ಕಂಬಗಳ ಜಾಗ ಬಿಟ್ಟುಕೊಡಿ, ನಮಸ್ಕಾರ ಆಮೇಲೆ ಹೇಳುತ್ತೇನೆ. ಕೋಟನೂರ ದಾರಿಯ ಮೈದಾನದಲ್ಲಿ ಹೋದ ತಿಂಗಳು ತಾವು ನಮ್ಮ ಶಹಾಬಜಾರದ ಹಿಲಾಲ್ ಫುಟ್‌ಬಾಲ್ ಕ್ಲಬ್ಬಿನ ಕೋಚ್ ಪೀರಪ್ಪನವರಿಗೆ ಶಾಲು ಹೊದಿಸಿದಿರಿ, ಪೇಟ ತೊಡಿಸಿದಿರಿ, ಹಣ್ಣಿನ ಬುಟ್ಟಿ ಕೊಟ್ಟಿರಿ. ಅದೇ ವಾರ ಆ ಮೈದಾನಕ್ಕೆ ತಂತಿ ಬೇಲಿ ಹಾಕಿಸಿ, ಗೇಟಿಗೆ ಬೀಗ ಜಡಿದು, 'ವಾಹನ ನಿಲುಗಡೆಗೆ ಕಾಯ್ದಿರಿಸಿದ ಖಾಲಿ ಜಾಗ' ಎಂದು ಫಲಕ ನೆಡಿಸಿದಿರಿ. ಒಬ್ಬ ಮನುಷ್ಯನ ಹೆಗಲಿಗೆ ಶಾಲು ಹೊದಿಸುತ್ತ ಅವನ ಕಾಲ ಕೆಳಗಿನ ನೆಲ ಎಳೆದುಕೊಳ್ಳುವ ಈ ವಿದ್ಯೆ ತಮಗೆ ಎಲ್ಲಿ ಸಿದ್ಧಿಸಿತು ಎಂದು ಕೇಳುವುದಕ್ಕಾಗಿ ಈ ಪತ್ರ.

ನಾನು ಅನುಮಾನದ ಮನುಷ್ಯ ಎಂಬುದನ್ನು ನಾನೇ ಹೇಳಿಬಿಡುತ್ತೇನೆ, ಇಲ್ಲವಾದರೆ ತಮ್ಮ ಕಚೇರಿಯವರು ಅದನ್ನೇ ಉತ್ತರ ಮಾಡಿ ಕಳಿಸಿಯಾರು. ಶಹಾಬಜಾರದ ಓಣಿಯಲ್ಲಿ ನನ್ನದೊಂದು ಚಷ್ಮಾದ ಅಂಗಡಿ ಇದೆ. ಚಹಾಕ್ಕೆ ಸಕ್ಕರೆ ಹೆಚ್ಚಾದರೂ ಕಾರಣ ಕೇಳುವವನು ನಾನು. "ನಿಮ್ಮ ಜೋಡಿ ಬಾಳೇವು ಮಾಡೂದಂದ್ರ ದಿನಾ ಪೊಲೀಸ್ರಿಗಿ ತಲಾಶಿ ಕೊಟ್ಟಂಗ ಆಗ್ತದ ನೋಡ್ರಿ," ಎನ್ನುತ್ತಾಳೆ ನನ್ನ ಹೆಂಡತಿ ಮದಿಹಾ. ಆದರೆ ಇದು ನನ್ನ ಹುಟ್ಟುಗುಣವಲ್ಲ, ಪೀರಪ್ಪನವರು ಕಲಿಸಿದ್ದು. ನಾನು ಹಿಲಾಲ್‌ಗೆ ಲೆಫ್ಟ್ ಬ್ಯಾಕ್ ಆಡಿದವನು. ಎದುರಾಳಿ ಚೆಂಡು ತಳ್ಳಿಕೊಂಡು ನನ್ನ ಮೇಲೆ ಬಂದಾಗಲೆಲ್ಲ ಮೊದಮೊದಲು ಮೋಸ ಹೋಗುತ್ತಿದ್ದೆ. ಅವನು ಬಲಕ್ಕೆ ಕಾಲು ತೋರಿಸಿ ಎಡಕ್ಕೆ ನುಗ್ಗಿಬಿಡುತ್ತಿದ್ದ. ಒಂದು ದಿನ ಪೀರಪ್ಪನವರು ಪಕ್ಕಕ್ಕೆ ಕರೆದು ಹೇಳಿದರು: "ಮಜರ್, ಚೆಂಡ್ ನೋಡಬ್ಯಾಡ, ಕಾಲೂ ನೋಡಬ್ಯಾಡ. ಅವ್ನ ನಡಾ ನೋಡು. ಕಾಲು ಸುಳ್ಳು ಹೇಳ್ತದ. ನಡಕ್ಕ ಸುಳ್ಳು ಹೇಳಾಕ ಬರಂಗಿಲ್ಲ." ಅಂದಿನಿಂದ ನಾನು ಎಲ್ಲರ ನಡ, ಅಂದರೆ ಸೊಂಟ, ನೋಡುತ್ತೇನೆ, ಮಾನ್ಯರೇ. ವೇದಿಕೆಯ ಮೇಲೆ ತಮ್ಮದನ್ನೂ ನೋಡಿದೆ. ಆ ಮಾತು ಮುಂದೆ ಬರುತ್ತದೆ.

ತಾವು ಭಾಷಣದಲ್ಲಿ 'ಫುಟ್‌ಬಾಲಿನ ಭೀಷ್ಮ' ಎಂದು ಕೊಂಡಾಡಿದ ಈ ಮನುಷ್ಯನ ಬಗ್ಗೆ ತಮಗೆ ಗೊತ್ತಿರುವುದಾದರೂ ಎಷ್ಟು? ಅವರು ಹರೆಯದಲ್ಲಿ ಕಮಲಾಪುರದಿಂದ ಕಲಬುರಗಿಗೆ ತೊಗರಿ ಬೇಳೆಯ ಮಿಲ್ಲಿನ ಕೆಲಸಕ್ಕೆ ಬಂದವರು. ಒಂದು ಸಂಜೆ ಹಿಲಾಲ್‌ನವರು ಆಡುವುದನ್ನು ನೋಡುತ್ತ ನಿಂತರು, ಮರುದಿನ ತಾವೂ ಆಡಿದರು, ಮತ್ತೆ ಬೇರೆ ಯಾವ ಕ್ಲಬ್ಬಿನ ಜರ್ಸಿಯನ್ನೂ ಮೈಗೆ ಹಾಕಲಿಲ್ಲ. ತಲೆ ನೆರೆಯುವವರೆಗೂ ಸೆಂಟರ್ ಫಾರ್ವರ್ಡ್ ಆಗಿದ್ದರು. ಮೊಣಕಾಲು ಇನ್ನು ಆಗದು ಎಂದಾಗ ಕೊರಳಿಗೆ ಸೀಟಿ ಹಾಕಿಕೊಂಡು ಅದೇ ಮೈದಾನದ ಗೆರೆಯಾಚೆ ನಿಂತರು. ಆಡಿದ್ದು ದೊಡ್ಡದೋ ಆಡಿಸಿದ್ದು ದೊಡ್ಡದೋ ಎಂಬ ಜಗಳ ಶಹಾಬಜಾರದ ಚಹಾದಂಗಡಿಗಳಲ್ಲಿ ಇಂದಿಗೂ ಮುಗಿದಿಲ್ಲ. ಅವರ ಒಳ್ಳೆಯ ದಿನಗಳಲ್ಲಿ ಹೈದರಾಬಾದಿನ ಒಂದು ತಂಡದ ಮ್ಯಾನೇಜರ್ ಖುದ್ದಾಗಿ ಬಂದು ಕರೆದರು. ಹೊರಟೇಬಿಟ್ಟರು ಎಂದುಕೊಂಡೆವು. ಪೀರಪ್ಪನವರು ಅವರಿಗೆ ಚಹಾ ಕುಡಿಸಿ, "ನಿಮ್ಮಲ್ಲೆ ಗ್ರೌಂಡ್ ತುಂಬ ಹುಲ್ಲದರಿ. ಹುಲ್ಲಿನ ಮ್ಯಾಲ ಯಾರ್ ಬೇಕಾದ್ರೂ ಆಡ್ತಾರ. ನಮ್ಮ ಎರಿಮ್ಯಾಲ ಆಡಿ ತೋರಸ್ರಿ," ಎಂದು ಬಸ್ ಹತ್ತಿಸಿ ಬಂದರು.

ಎರೆಮಣ್ಣಿನ ಮೇಲೆ ಆಡುವುದೆಂದರೇನು ಎಂದು ಹವಾನಿಯಂತ್ರಿತ ಕೋಣೆಗೆ ತಿಳಿಯುವುದು ಕಷ್ಟ. ಬೇಸಿಗೆಯಲ್ಲಿ ಕಲಬುರಗಿಯ ಕಪ್ಪು ನೆಲ ಪಾದ ಇಳಿಯುವಷ್ಟು ಬಿರಿಯುತ್ತದೆ. ಓಡುವವನ ಕಾಲು ಸಿಕ್ಕಿಕೊಂಡರೆ ಅವನ ಆಟ ಮುಗಿದ ಹಾಗೆಯೇ. ಮಳೆಗಾಲದಲ್ಲಿ ಅದೇ ಮಣ್ಣು ಬೂಟಿಗೆ ಮೆತ್ತಿಕೊಂಡು ಹೆಜ್ಜೆ ಎತ್ತಗೊಡುವುದಿಲ್ಲ. ಇದಕ್ಕೆ ಪೀರಪ್ಪನವರು ಕಂಡುಕೊಂಡ ಮದ್ದು ಅವರ ಊರು ಕಮಲಾಪುರದ ಕೆಂಪು ಮಣ್ಣು. ಪ್ರತಿ ವರ್ಷ ಮಳೆಗೆ ಮುಂಚೆ ಇಡೀ ಹಿಲಾಲ್ ತಂಡ ಟ್ರ್ಯಾಕ್ಟರ್ ಹತ್ತಿ ಕಮಲಾಪುರಕ್ಕೆ ಹೋಗುತ್ತದೆ. ಅವರ ತಮ್ಮ ಯಶವಂತನ ಹೊಲದ ಬದಿಯಲ್ಲಿ ಮಣ್ಣು ಅಗೆದು, ತುಂಬಿಕೊಂಡು ಬಂದು, ಎರೆಯ ಮೇಲೆ ಹಾಸಿ, ನೀರು ಹೊಡೆದು, ರೋಲರ್ ಎಳೆಯುತ್ತೇವೆ. ಮಣ್ಣು ಹೊರದವರಿಗೆ ಜರ್ಸಿ ಇಲ್ಲ, ಇದು ಕ್ಲಬ್ಬಿನ ಕಟ್ಟಳೆ. ನಾನು ಸೇರಲು ಹೋದ ದಿನ ಈದ್‌ಗೆ ಕೊಡಿಸಿದ ಬಿಳಿ ಬೂಟು ಹಾಕಿಕೊಂಡು ಜಂಬದಲ್ಲಿ ನಿಂತಿದ್ದೆ. ಚೆಂಡು ಬರಲಿಲ್ಲ, ತಲೆಯ ಮೇಲೆ ಬುಟ್ಟಿ ಬಂತು. ಸಂಜೆಯ ಹೊತ್ತಿಗೆ ಬೂಟಿನ ಬಣ್ಣ ನೋಡಿ ನನ್ನ ತಾಯಿ ಇಕ್ಬಾಲ್ ಬೇಗಂ ಹಾಕಿದ ರಂಪ ಓಣಿಗೆಲ್ಲ ಕೇಳಿತ್ತು.

ಮುಂದೆ ನನ್ನ ಮಗಳು ಅಫ್ಶೀನ್ ಗೋಲ್ ಕೀಪರ್ ಆಗುತ್ತೇನೆಂದು ಹಟ ಹಿಡಿದಾಗ ಅದೇ ನನ್ನ ತಾಯಿ ಪೀರಪ್ಪನವರನ್ನು ಮನೆಗೆ ಕರೆಸಿ ತರಾಟೆಗೆ ತೆಗೆದುಕೊಂಡರು. "ಆಡ್ಲಿ, ನಾ ಬ್ಯಾಡ ಅನ್ನಂಗಿಲ್ಲ. ಹುಡುಗಿ ತಲಿಮ್ಯಾಲ ಮಣ್ಣಿನ ಬುಟ್ಟಿ ಯಾಕ?" ಎಂದರು. ಪೀರಪ್ಪನವರು ಹೇಳಿದ್ದು ಇಷ್ಟೇ: "ಅಮ್ಮಾ, ಎಲ್ಲಾರ್ಕಿಂತ ಜಾಸ್ತಿ ನೆಲಕ್ಕ ಬೀಳಾಕಿ ಅಕಿನೇ. ತಾ ಬೀಳೂ ನೆಲ ತಾನೇ ಹಾಸ್ಕೊಳ್ಳಿ." ಮರುವರ್ಷ ಟ್ರ್ಯಾಕ್ಟರ್ ಹೊರಟಾಗ ತಾಯಿ ಇಡೀ ತಂಡಕ್ಕೆ ರೊಟ್ಟಿ ಕಟ್ಟಿಕೊಟ್ಟರು. ತಾವು 'ಖಾಲಿ ಜಾಗ' ಎಂದು ಬರೆಸಿದ ನೆಲ ಇದು. ಬೇಲಿಯ ಹೊರಗೆ ನಿಂತು ನೋಡಿದರೂ ಕಾಣುತ್ತದೆ, ಸುತ್ತಲೂ ಕಪ್ಪು, ನಡುವೆ ಕೆಂಪು. ಖಾಲಿ ಜಾಗಕ್ಕೆ ಆ ಬಣ್ಣ ತಾನಾಗಿ ಬಂತೇ?

ಇನ್ನು ಕಂಬಗಳ ವಿಷಯ. ಇಲ್ಲಿ ನಮ್ಮದೊಂದು ತಪ್ಪಿದೆ, ಅದನ್ನೂ ಹೇಳುತ್ತೇನೆ. ಶಹಾಬಜಾರದ ಮನೆಗಳಿಗೆ ಅಂಗಳವಿಲ್ಲ. ಬಾಗಿಲು ತೆರೆದರೆ ಎದುರು ಮನೆಯ ಬಾಗಿಲು. ಹಾಗಾಗಿ ನಮ್ಮ ಓಣಿಯ ಶಾದಿ, ಲಗ್ನ ಎಲ್ಲ ಆ ಮೈದಾನದಲ್ಲೇ ಆಗುತ್ತವೆ. ಶಾಮಿಯಾನಕ್ಕೆ ಅಡ್ಡವಾಗಬಾರದೆಂದು ಗೋಲ್ ಕಂಬಗಳನ್ನು ಎತ್ತಿ ತೆಗೆಯುವಂತೆಯೇ ನೆಟ್ಟಿದ್ದೇವೆ. ಆದರೆ ಒಂದು ಕರಾರು. ಯಾರ ಸಮಾರಂಭಕ್ಕೆ ಕಂಬ ಕಿತ್ತೆವೋ ಅವರೇ ಮರುದಿನ ಬೆಳಿಗ್ಗೆ ಬಂದು ಮೊದಲ ಹೆಗಲು ಕೊಡಬೇಕು, ಆಮೇಲೆ ಉಳಿದವರು ಕೈ ಹಾಕುತ್ತಾರೆ. ಮದುಮಗನಾದರೂ ಬಿಡುವುದಿಲ್ಲ. ನನ್ನ ನಿಕಾಹ್‌ನ ಮರುದಿನ ನಾನು ಅತ್ತರಿನ ವಾಸನೆ ಹೊಡೆಯುತ್ತ ಕಂಬ ಹೊತ್ತಿದ್ದೇನೆ. "ಲಗ್ನ ಒಂದ್ ದಿನದ್ದು, ಆಟ ದಿನಾ ಇರ್ತದ. ಹೊರು," ಎಂದು ಪೀರಪ್ಪನವರು ಸೀಟಿ ಊದಿದ್ದರು.

ತಮ್ಮವರು ಬಂದು, ಜೀವಮಾನದ ಸೇವೆಗೆ ಸನ್ಮಾನವಿದೆ, ವೇದಿಕೆ ಮೈದಾನದ ನಡುವೆಯೇ ಆಗಬೇಕು, ಕಂಬ ತೆಗೆಯಿರಿ ಎಂದಾಗ ನಮ್ಮವರು ಖುಷಿಯಿಂದಲೇ ತೆಗೆದರು. ನನಗೊಬ್ಬನಿಗೇ ಅನುಮಾನ. ಇಷ್ಟು ವರ್ಷ ಒಂದು ಚೆಂಡು ಕೊಡದವರು ಈಗೇಕೆ ಇಷ್ಟು ದೊಡ್ಡ ಹಾರ ತಂದರು? ಶಾಮಿಯಾನ ಹಾಕುವವನಿಗೆ ಮೈದಾನದ ಮೂಲೆಮೂಲೆ ಅಳೆಯುವ ಟೇಪು ಯಾಕೆ? ಸನ್ಮಾನಿತರ ಸೋಫಾವನ್ನು ಮೈದಾನಕ್ಕೆ ಬೆನ್ನು ಮಾಡಿ ಹಾಕಿದ್ದೇಕೆ? ಪೀರಪ್ಪನವರ ಕಿವಿಯಲ್ಲಿ ಹೇಳಿದೆ. "ಬ್ಯಾಕ್ ಆಡಿ ಆಡಿ ನೀ ಹಿಂಗಾಗೀದಿ ನೋಡು. ಸುಮ್ಕಿರು, ಮಂದಿ ಪ್ರೀತೀಲೆ ಮಾಡಾಕತ್ತಾರ," ಎಂದು ಗದರಿದರು. ಅವರ ಮುಖದಲ್ಲಿದ್ದ ಸಂತೋಷ ನೋಡಿ ನಾನು ಬಾಯಿ ಮುಚ್ಚಿಕೊಂಡೆ.

ಆಮೇಲೆ ವೇದಿಕೆಯ ಮೇಲೆ ತಮ್ಮ ನಡ ನೋಡಿದೆ. ತಮ್ಮ ಕೈ ಪೀರಪ್ಪನವರ ಕೊರಳಿಗೆ ಹಾರ ಹಾಕುತ್ತಿತ್ತು, ಮುಖ ಕ್ಯಾಮೆರಾ ಕಡೆ ನಗುತ್ತಿತ್ತು. ನಡ ಮಾತ್ರ ಪರದೆಯ ಹಿಂದೆ ಟೇಪು ಹಿಡಿದು ಓಡಾಡುತ್ತಿದ್ದವರ ಕಡೆ ತಿರುಗಿತ್ತು. ಕೊನೆಗೆ ಮೈಕಿನಲ್ಲಿ ಹೇಳಿದಿರಿ, "ಇಂದಿನಿಂದ ವಿಶ್ರಾಂತ ಜೀವನಕ್ಕೆ ಕಾಲಿಡುತ್ತಿರುವ ಪೀರಪ್ಪನವರಿಗೆ ಶುಭವಾಗಲಿ." ಜನ ಚಪ್ಪಾಳೆ ತಟ್ಟಿದರು. ಪೇಟ ಹೊತ್ತ ಪೀರಪ್ಪನವರು ವೇದಿಕೆ ಇಳಿದು ಬಂದು, ನನ್ನ ತೋಳು ಹಿಡಿದು, ಸಣ್ಣ ದನಿಯಲ್ಲಿ ಕೇಳಿದರು: "ಮಜರ್, ನಾ ರಿಟೈರ್ ಆದ್ನೇನೋ?" ಮಾತು ತಪ್ಪಿ ಬಂದಿರಬೇಕು ಎಂದೆ. ಅನುಮಾನವೇ ಬದುಕಾದ ನಾನು ಆ ಹೊತ್ತು ತಮ್ಮ ಪರವಾಗಿ ವಾದಿಸಿದೆ ನೋಡಿ.

ಮರುದಿನ ಬೆಳಿಗ್ಗೆ ನಮ್ಮವರೆಲ್ಲ ಮೈದಾನದಲ್ಲಿ ಸೇರಿದರು. ಓಣಿಯಲ್ಲಿ ತೆಗೆದಿಟ್ಟ ಕಂಬವನ್ನು ಯಾರೂ ಮುಟ್ಟಲಿಲ್ಲ. ಯಾಕೆ ಗೊತ್ತೇ? ತಮಗಾಗಿ ಕಾಯುತ್ತಿದ್ದರು. ಸಮಾರಂಭ ತಮ್ಮದು, ಮೊದಲ ಹೆಗಲು ತಮ್ಮದು. "ಸಾಹೇಬ್ರು ದೊಡ್ಡ ಮಂದಿ, ತಡಾ ಆಗ್ತದ," ಎಂದು ಪೀರಪ್ಪನವರೇ ಸಮಾಧಾನ ಹೇಳುತ್ತಿದ್ದರು. ಇಂಥ ಮೂರ್ಖತನ ಕಲಬುರಗಿಯಲ್ಲಿ ಹಿಲಾಲ್‌ನವರು ಬಿಟ್ಟರೆ ಇನ್ನಾರೂ ಮಾಡಲಾರರು. ತಾವು ಬರಲಿಲ್ಲ, ಮಧ್ಯಾಹ್ನ ತಮ್ಮ ಕ್ಯಾಮೆರಾದವರು ಬಂದರು. ಪೇಪರಿನವರೆಂದು ತಿಳಿದು ನಮ್ಮ ಕ್ಯಾಪ್ಟನ್ ಕಪಿಲ ತಲೆ ಬಾಚಿಕೊಂಡು ಹೋಗಿ ನಿಂತ. "ಸರಿಯಪಾ ಅತ್ಲಾಗ, ಫೋಟೋದಾಗ ಮನಷ್ಯಾರು ಬರಬಾರ್ದು," ಎಂದರಂತೆ. ಮನುಷ್ಯರಿಲ್ಲದ, ಕಂಬಗಳಿಲ್ಲದ ಮೈದಾನದ ಚಿತ್ರ ತೆಗೆದುಕೊಂಡು ಹೋದರು. ಅದರ ಮುಂದಿನ ಬೆಳಿಗ್ಗೆ ಬೇಲಿಯ ಕೆಲಸ ಶುರುವಾಯಿತು.

ಗೇಟಿನ ಕಾವಲಿಗೆ ಕೂತ ಮಹಾದೇವನನ್ನು ಕೇಳಿದೆ. "ನಾ ಏನ್ ಮಾಡ್ಲಿ ಸಾಬ್ರ? ಇದು ಗ್ರೌಂಡ್ ಅಂತೀರಿ, ಗೋಲ್ ಕಂಬ ಎಲ್ಲಿ ಅದಾವ ತೋರಸ್ರಿ ಅಂತಾರ ಮ್ಯಾಲಿನವ್ರು," ಎಂದ. ತಮ್ಮ ಕಚೇರಿಗೆ ಹೋದೆ. ಅಲ್ಲಿಯ ಒಬ್ಬರು ಬಲು ನಯವಾಗಿ, "ಕೋಚ್ ನಿವೃತ್ತರಾದ ಮೇಲೆ ಕ್ಲಬ್ ಎಲ್ಲಿದೆ ಸ್ವಾಮಿ?" ಎಂದರು. ಅಂದರೆ ಕಂಬ ಇಲ್ಲದ್ದರಿಂದ ಮೈದಾನವಿಲ್ಲ, ಕೋಚ್ ಇಲ್ಲದ್ದರಿಂದ ಕ್ಲಬ್ ಇಲ್ಲ. ಕಂಬ ತೆಗೆಸಿದ್ದು ಯಾರು? ಕೋಚನ್ನು ಕೇಳದೆಯೇ ಅವರನ್ನು ನಿವೃತ್ತಿ ಮಾಡಿದ್ದು ಯಾರು? ಎರಡೂ ಒಂದೇ ಸಂಜೆ, ಒಂದೇ ಶಾಮಿಯಾನದ ಕೆಳಗೆ ಆಗಿದ್ದು ಕಾಕತಾಳೀಯ ಎನ್ನುತ್ತೀರಾ? ಅನ್ನಿ. ಚಷ್ಮಾ ಮಾರುವವನಿಗೆ ಹಾಗೆ ಕಾಣುವುದಿಲ್ಲ.

ಬೀಗ ಬಿದ್ದ ಮೇಲೆ ಪೀರಪ್ಪನವರು ಯಾರಿಗೂ ಹೇಳದೆ ಕಮಲಾಪುರಕ್ಕೆ ಹೋದರು. ಹೋದ ವಾರ ಬಸ್ ಹತ್ತಿ ನಾನೂ ಹೋದೆ. ಮನೆಯಲ್ಲಿ ಮಂಕಾಗಿ ಕೂತಿರುತ್ತಾರೆ, ಏನಾದರೂ ಹೇಳಿ ಕರೆತರೋಣ ಎಂದುಕೊಂಡಿದ್ದೆ. ಅವರು ಹೊಲದಲ್ಲಿದ್ದರು. ಕೊರಳಲ್ಲಿ ಸೀಟಿ, ಕೈಯಲ್ಲಿ ಗುದ್ದಲಿ. ತಾವು ಹೊದಿಸಿದ ಶಾಲನ್ನು ಸುತ್ತಿ ಸಿಂಬಿ ಮಾಡಿ ತಲೆಯ ಮೇಲಿಟ್ಟುಕೊಂಡು ಅದರ ಮೇಲೆ ಮಣ್ಣಿನ ಬುಟ್ಟಿ ಹೊರುತ್ತಿದ್ದರು. ಬದಿಯಲ್ಲಿ ಆಳೆತ್ತರದ ಕೆಂಪು ರಾಶಿ. ಈ ವಯಸ್ಸಿನಲ್ಲಿ ಒಬ್ಬರೇ ಅಗೆದಿದ್ದರು.

"ನನಗ ಸಾಕಾಗ್ಯದ ಅಂತ ನಾ ಯಾರಿಗರ ಹೇಳಿದ್ನೇನು, ಮಜರ್?"

"ಇಲ್ರಿ."

"ಮತ್ತ ಅವ್ರಿಗಿ ಹೆಂಗ ಗೊತ್ತಾತು?"

ಅವರು ರಾಶಿಯ ಕಡೆ ಕೈ ತೋರಿಸಿದರು. "ಮಳಿ ಬರೂದ್ರಾಗ ಹಾಸ್ಬೇಕು. ಮಣ್ಣ ತಯಾರದ. ಎಲ್ಲಿ ಹಾಕ್ಲಿ, ನೀನರ ಹೇಳು."

ನನಗೆ ಅಳು ಬಂತು, ಮಾನ್ಯರೇ. ಅದರ ಹಿಂದೆಯೇ ಸಿಟ್ಟೂ ಬಂತು. ವಾಪಸು ಬರುವ ಬಸ್ಸಿನಲ್ಲಿ ಈ ಪತ್ರವನ್ನು ಮನಸ್ಸಿನಲ್ಲೇ ಬರೆದು ಮುಗಿಸಿದ್ದೆ.

ನನ್ನ ಅನುಮಾನ ತಪ್ಪಾಗಿರಬಹುದು. ತಾವು ನಿಜಕ್ಕೂ ಪ್ರೀತಿಯಿಂದಲೇ ಹಾರ ಹಾಕಿರಬಹುದು, ಟೇಪಿನವರು ತಮಗೆ ಗೊತ್ತಿಲ್ಲದೆ ಬಂದಿರಬಹುದು. ಹಾಗಿದ್ದರೆ ಅದನ್ನು ತೋರಿಸುವುದು ಸುಲಭ. ಬೀಗ ತೆಗೆಸಿ. ಫಲಕ ಕೀಳಿಸಿ. ಪೀರಪ್ಪನವರು ನಿವೃತ್ತರಾಗಿಲ್ಲ, ಆಗುವ ದಿನ ಅವರೇ ಹೇಳುತ್ತಾರೆ ಎಂದು ಅದೇ ಮೈಕಿನಲ್ಲಿ ಸಾರಿ. ಆಮೇಲೆ ನಮ್ಮ ಮದುಮಕ್ಕಳು ಬಂದ ಹಾಗೆ ತಾವೂ ಬಂದು ಕಂಬಕ್ಕೆ ಮೊದಲ ಹೆಗಲು ಕೊಡಿ. ಕಂಬಗಳು ನಮ್ಮ ಓಣಿಯಲ್ಲೇ ಭದ್ರವಾಗಿವೆ. ಸದ್ಯಕ್ಕೆ ಮದಿಹಾ ಅವುಗಳ ಮೇಲೆ ಬಟ್ಟೆ ಒಣಹಾಕುತ್ತಿದ್ದಾಳೆ. ಅಫ್ಶೀನ್ ಮನೆಯೊಳಗೆ ಗಾದಿಯ ಮೇಲೆ ಬಿದ್ದು ಬಿದ್ದು ಅಭ್ಯಾಸ ಮಾಡುತ್ತಿದ್ದಾಳೆ.

ಬರುವ ಭಾನುವಾರ ಬೆಳಿಗ್ಗೆ ಕಮಲಾಪುರದಿಂದ ಟ್ರ್ಯಾಕ್ಟರ್ ಹೊರಡುತ್ತದೆ. ಮಣ್ಣಿನ ಮೇಲೆ ಪೀರಪ್ಪನವರು ಕೂತಿರುತ್ತಾರೆ, ಹಿಂದೆ ಇಡೀ ಹಿಲಾಲ್ ಇರುತ್ತದೆ. ಗೇಟು ತೆರೆದಿದ್ದರೆ ಮಣ್ಣು ಮೈದಾನಕ್ಕೆ. ಮುಚ್ಚಿದ್ದರೆ ತಮ್ಮ ಕಚೇರಿಯ ಅಂಗಳಕ್ಕೆ. ನಾನು ಮೊನ್ನೆಯೇ ಸುತ್ತಾಡಿ ನೋಡಿಕೊಂಡು ಬಂದಿದ್ದೇನೆ. ಅಂಗಳ ದೊಡ್ಡದಿದೆ, ಎಲ್ಲಿ ಹುಡುಕಿದರೂ ಒಂದು ಗೋಲ್ ಕಂಬ ಕಾಣಲಿಲ್ಲ. ತಮ್ಮದೇ ನಿಯಮದ ಪ್ರಕಾರ ಅದು ಖಾಲಿ ಜಾಗ.

ಇಂತಿ,
ಕಂಬದ ಒಂದು ತುದಿಯನ್ನು ಇನ್ನೂ ತಮಗಾಗಿಯೇ ಬಿಟ್ಟುಕೊಂಡು ಕಾದಿರುವ,
ಮಜರ್
ಹಿಲಾಲ್ ಕ್ಲಬ್ಬಿನ ಹಳೆಯ ಲೆಫ್ಟ್ ಬ್ಯಾಕ್
ಶಹಾಬಜಾರ, ಕಲಬುರಗಿ